ನಾಳೆ ಹೊಸ ಕಾರು ಕೈಗೆ ಬರ್ತಿದೆ, ಹಳೇ ಕಾರಿನ ಇನ್ಶೂರೆನ್ಸ್ ಇದಕ್ಕೂ ನಡೆಯುತ್ತಾ?

ಎರಡನೇಗೇರ್ | ಸಂಜೆ 6:10

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಹತ್ತಕ್ಕೆ ಹೊಸ ಕಾರಿನ ಡೆಲಿವರಿ. ಬಾಕಿ ಹಣ ಇವತ್ತು ಮಧ್ಯಾಹ್ನ ಕಟ್ಟಿಯಾಯಿತು. ಇನ್ಶೂರೆನ್ಸ್ ಪೇಪರ್ ಎಲ್ಲಿ ಅಂತ ಕೇಳಿದೆ. "ಪ್ರೋಸೆಸ್‌ನಲ್ಲಿದೆ ಸರ್, ಎರಡು ದಿನದಲ್ಲಿ ಮೇಲ್‌ಗೆ ಬರುತ್ತೆ, ನೀವು ಆರಾಮಾಗಿ ಗಾಡಿ ತಗೊಂಡು ಹೋಗಿ" ಅಂದರು.

ನನ್ನ ಹಳೇ ಕಾರಿಗೆ ಫುಲ್ ಇನ್ಶೂರೆನ್ಸ್ ಇದೆ, ಮುಗಿಯೋಕೆ ಇನ್ನೂ ಐದು ತಿಂಗಳಿದೆ. ಎರಡು ದಿನದ ಮಟ್ಟಿಗೆ ಅದರ ಮೇಲೇ ಹೊಸ ಕಾರು ಓಡಿಸಬಹುದಲ್ವಾ? ಅಮೆರಿಕದಲ್ಲಿರುವ ನಮ್ಮ ಭಾವ ಹಾಗೇ ಮಾಡಿದ್ದರಂತೆ, ಯಾರೂ ಏನೂ ಕೇಳಲಿಲ್ಲವಂತೆ.

ಇನ್ನೊಂದು ವಿಷಯ. ಹಳೇ ಕಾರನ್ನು ಹೊರಗೆ ಮಾರುತ್ತಿಲ್ಲ, ತಂಗಿಗೆ ಕೊಡುತ್ತಿದ್ದೇನೆ. ಐದು ವರ್ಷ ಒಂದೂ ಕ್ಲೇಮ್ ಮಾಡಿಲ್ಲ, 50% ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಇದೆ. ಅದು ಹೊಸ ಕಾರಿಗೆ ಬರುತ್ತಾ, ಇಲ್ಲಾ ಕಾರಿನ ಜೊತೆ ತಂಗಿಗೆ ಹೋಗುತ್ತಾ?

ಗ್ಯಾರೇಜ್‌ಗೆಳೆಯ | 6:25

ಅಭಿನಂದನೆ ಸರ್. ಪಾಲಿಸಿ ಬರೋವರೆಗೆ ಗಾಡಿ ಶೋರೂಮ್‌ನಲ್ಲೇ ಇರಲಿ. ಎರಡು ದಿನ ಅಲ್ಲಿದ್ದರೆ ಅದೇನೂ ಹಳಸಿ ಹೋಗಲ್ಲ.

ಬೈಕಿಂದಕಾರಿಗೆ | 6:31

ಅಷ್ಟೊಂದು ಹೆದರಿಸಬೇಡಿ ಅಣ್ಣ. ಎರಡು ದಿನದಲ್ಲಿ ಏನಾಗುತ್ತೆ? ನಾನು ಪೇಪರ್ ಇಲ್ಲದೆ ಒಂದು ವಾರ ಓಡಿಸಿದ್ದೆ.

ಪಾಲಿಸಿಪುಟ | 6:58

ಹನ್ನೊಂದು ವರ್ಷ ಮೋಟಾರ್ ಕ್ಲೇಮ್ ವಿಭಾಗದಲ್ಲಿದ್ದೆ, ಈಗ ಬಿಟ್ಟಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಬಿಟ್ಟು ಮುಂದೆ ಹೋಗಿ.

ನಮ್ಮಲ್ಲಿ ಪಾಲಿಸಿ ಕಟ್ಟಿಕೊಂಡಿರುವುದು ಗಾಡಿಗೆ. ಅದರಲ್ಲಿ ಬರೆದಿರುವ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಯಾವ ಕಾರಿನದೋ ಆ ಕಾರಿಗಷ್ಟೇ ಅದು ಸಲ್ಲುತ್ತದೆ. ನಿಮ್ಮ ಹಳೇ ಪಾಲಿಸಿಗೂ ಹೊಸ ಕಾರಿಗೂ ಏನೇನೂ ಸಂಬಂಧ ಇಲ್ಲ. ಎರಡಕ್ಕೂ ನೀವೇ ಮಾಲೀಕರು ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ.

ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ. ಅಮೆರಿಕದ ಬಹಳಷ್ಟು ಪಾಲಿಸಿಗಳಲ್ಲಿ ಹೊಸದಾಗಿ ಕೊಂಡ ಕಾರಿಗೆ ಅಂತ ಒಂದು ಕಲಮು ಇರುತ್ತದೆ. ಸಾಮಾನ್ಯವಾಗಿ 14ರಿಂದ 30 ದಿನ. ಅಷ್ಟರೊಳಗೆ ಕಂಪನಿಗೆ ತಿಳಿಸಿ ಕಾರನ್ನು ಪಾಲಿಸಿಗೆ ಸೇರಿಸಬೇಕು. ಅದೂ ಆ ಪಾಲಿಸಿಯಲ್ಲಿ ಬರೆದಿದ್ದರೆ ಮಾತ್ರ. ಆ ಅಭ್ಯಾಸವನ್ನು ಇಲ್ಲಿಗೆ ತಂದರೆ ಕೈ ಸುಡುತ್ತದೆ.

ಇನ್ನು "ಹಣ ಕಟ್ಟಿಯಾಯಿತು" ಅಂದಿರಿ. ನೀವು ಕಟ್ಟಿದ್ದು ಡೀಲರ್‌ಗೆ. ಅವರು ಕಂಪನಿಗೆ ಕಟ್ಟಿದರಾ? 1938ರ ವಿಮಾ ಕಾಯ್ದೆಯಲ್ಲಿ 64ವಿಬಿ ಅಂತ ಒಂದು ಸೆಕ್ಷನ್ ಇದೆ. ಪ್ರೀಮಿಯಂ ಮೊದಲೇ ಕೈ ಸೇರದೆ ವಿಮಾ ಕಂಪನಿ ರಿಸ್ಕ್ ಹೊರುವ ಹಾಗಿಲ್ಲ. ಹೊಸ ಕಾರುಗಳ ತಂಟೆ ಜಾಸ್ತಿ ಶುರುವಾಗೋದೇ ಈ ಒಂದೆರಡು ದಿನದ ಸಂದಿಯಲ್ಲಿ.

ಡೀಲರ್ ಹತ್ತಿರ ಒಂದೇ ಪ್ರಶ್ನೆ ಕೇಳಿ. "ಪಾಲಿಸಿ ನಂಬರ್ ಬಂತಾ? ಬಂದಿದ್ದರೆ ಯಾವ ದಿನ, ಎಷ್ಟು ಗಂಟೆಯಿಂದ ಶುರು?" ಪಾಲಿಸಿಯಲ್ಲಿ ದಿನಾಂಕದ ಪಕ್ಕ ಗಂಟೆ, ನಿಮಿಷವೂ ಇರುತ್ತದೆ. ನಾಳೆ ಹತ್ತಕ್ಕೆ ನೀವು ಕೀ ತಗೊಂಡು, ಪಾಲಿಸಿ ನಾಡಿದ್ದು 00:00ರಿಂದ ಶುರು ಅಂತಿದ್ದರೆ, ನಾಳೆ ಇಡೀ ದಿನ ನೀವು ವಿಮೆ ಇಲ್ಲದೆ ರಸ್ತೆಯಲ್ಲಿರುತ್ತೀರಿ.

ಬೈಕಿಂದಕಾರಿಗೆ ಅವರೇ, ಒಂದು ವಾರ ಏನೂ ಆಗಲಿಲ್ಲ, ಒಳ್ಳೆಯದಾಯಿತು. ಆದರೆ ನಿಮ್ಮ ಕಾರು ಕೆಟ್ಟರೆ ನಿಮ್ಮ ದುಡ್ಡು ಹೋಗುತ್ತದೆ, ಅಷ್ಟೇ. ಎದುರಿನವರಿಗೆ ಪೆಟ್ಟಾದರೆ? ಸಾವು, ಗಾಯಕ್ಕೆ ಟ್ರಿಬ್ಯುನಲ್ ಕೊಡಿಸುವ ಪರಿಹಾರಕ್ಕೆ ಮೇಲ್ಮಿತಿ ಅಂತ ಇಲ್ಲ. ಅದನ್ನು ಮನೆ ಮಾರಿಯಾದರೂ ನೀವೇ ಕೊಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿರೋದು ಅದಕ್ಕೇ. ಇಲ್ಲದೆ ಓಡಿಸಿದರೆ ದಂಡದ ಜೊತೆ ಮೂರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ.

ಬೈಕಿಂದಕಾರಿಗೆ | 7:04

ಸರಿ ಸರ್. ಬಾಯಿ ಮುಚ್ಚಿಕೊಂಡೆ.

ದೂರದೇಶಿ | 7:20

ನಾನಿರೋದು ಬ್ರಿಟನ್‌ನಲ್ಲಿ. ಇಲ್ಲೂ ಹಳೇ ಪಾಲಿಸಿ ತಾನಾಗೇ ಹೊಸ ಕಾರಿಗೆ ಬರಲ್ಲ. ಕಾರು ಬದಲಾಯಿತು ಅಂತ ಫೋನ್ ಮಾಡಿ ಹೇಳಬೇಕು, ಇಲ್ಲಾ ಹೊಸ ಪಾಲಿಸಿ ತಗೋಬೇಕು, ಆಮೇಲೇ ಕೀ. ಇಲ್ಲಿ 1930ರ ಕಾಯ್ದೆಯಿಂದಲೂ ಥರ್ಡ್ ಪಾರ್ಟಿ ಕಡ್ಡಾಯ. ಇನ್ನೊಂದು ದೊಡ್ಡ ವ್ಯತ್ಯಾಸ ಏನಂದರೆ, ಇಲ್ಲಿ ಯಾರು ಓಡಿಸ್ತಾರೆ ಅಂತ ಪಾಲಿಸಿಯಲ್ಲಿ ಹೆಸರು ಹಾಕಿಸಬೇಕು. ಅಣ್ಣ ತಮ್ಮ ಬಂದಾಗ ಕೀ ಕೊಟ್ಟು "ಹೋಗಿ ಬಾ" ಅನ್ನೋ ಹಾಗಿಲ್ಲ. ಊರಿಗೆ ಬಂದಾಗ ಅದೊಂದು ಸುಖ.

ಪಾಲಿಸಿಪುಟ | 7:26

ಹೌದು, ನಮ್ಮಲ್ಲಿ ಮಾಲೀಕರ ಒಪ್ಪಿಗೆ ಇದ್ದು, ಆ ಗಾಡಿಗೆ ತಕ್ಕ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಯಾರು ಬೇಕಾದರೂ ಓಡಿಸಬಹುದು. ಲೈಸೆನ್ಸ್ ಅವಧಿ ಮುಗಿದವರ ಕೈಗೆ ಕೊಟ್ಟರೆ ಮಾತ್ರ ಸ್ವಂತ ಕಾರಿನ ಕ್ಲೇಮ್ ಮರೆತುಬಿಡಿ.

ಹಿಂದಿನಸೀಟು | 7:41

ಗಂಟೆ ನೋಡೋದು ಸರಿ, ಚಾಸಿ ನಂಬರ್ ಕೂಡ ಅಕ್ಷರ ಅಕ್ಷರ ನೋಡಿ ಸರ್. ನಮ್ಮ ಮನೆಯಲ್ಲಿ ಆದದ್ದು ಹೇಳ್ತೀನಿ.

ನಮ್ಮ ಯಜಮಾನರು ಕಾರು ತಗೊಂಡು ಏಳು ತಿಂಗಳಾಗಿತ್ತು. ಹಿಂದಿನಿಂದ ಒಬ್ಬರು ಗುದ್ದಿದರು. ಸರ್ವೇಯರ್ ಬಂದು ಬಾನೆಟ್ ಎತ್ತಿ, ಪೆನ್ಸಿಲ್ ಇಟ್ಟುಕೊಂಡು ಚಾಸಿ ನಂಬರ್ ಉಜ್ಜಿ ಪೇಪರ್ ಮೇಲೆ ತೆಗೆದರು. ಪಾಲಿಸಿ ಪಕ್ಕಕ್ಕಿಟ್ಟು ನೋಡಿದರು. ಹದಿನೇಳು ಅಕ್ಷರದಲ್ಲಿ ಒಂದು ಬೇರೆ. ಸೊನ್ನೆ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಓ. "ಮೇಡಂ, ಈ ಕಾರಿಗೆ ಪಾಲಿಸಿ ಇಲ್ಲವಲ್ಲ" ಅಂದರು. ತಮಾಷೆಗೆ ಅಂದರೋ ನಿಜಕ್ಕೂ ಅಂದರೋ ಗೊತ್ತಾಗಲಿಲ್ಲ, ನನಗೆ ಮಾತ್ರ ಕೈಕಾಲು ತಣ್ಣಗಾಯಿತು. ಕೊನೆಗೆ ಇನ್‌ವಾಯ್ಸ್, ಆರ್‌ಸಿ ಎಲ್ಲ ತೋರಿಸಿ ತಿದ್ದುಪಡಿ ಮಾಡಿಸಿ ಕ್ಲೇಮ್ ಆಯಿತು. ಆದರೆ ಕಾರು ಹತ್ತೊಂಬತ್ತು ದಿನ ವರ್ಕ್‌ಶಾಪಿನ ಮೂಲೆಯಲ್ಲಿ ನಿಂತಿತ್ತು.

ಆಮೇಲೆ ತಿಳಿದದ್ದು. ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಅನ್ನೋ ಮೂರು ಇಂಗ್ಲಿಷ್ ಅಕ್ಷರ ಬಳಸೋದೇ ಇಲ್ಲವಂತೆ. ಒಂದು, ಸೊನ್ನೆ ಜೊತೆ ಗೊಂದಲ ಆಗುತ್ತೆ ಅಂತ. ನಿಮ್ಮ ಪಾಲಿಸಿಯಲ್ಲಿ ಅವು ಕಂಡರೆ ಕಣ್ಣುಮುಚ್ಚಿ ತಪ್ಪು ಅಂತ ಹೇಳಬಹುದು.

ಎರಡನೇಗೇರ್ | 7:55

ಅಯ್ಯೋ, ಇಷ್ಟೆಲ್ಲ ಇದೆಯಾ. ಶೋರೂಮ್‌ಗೆ ಫೋನ್ ಮಾಡಿದೆ. ಪಾಲಿಸಿ ನಂಬರ್ ಇನ್ನೂ ಬಂದಿಲ್ಲವಂತೆ. "ನಾಳೆ ಬೆಳಿಗ್ಗೆ ನೋಡೋಣ ಸರ್" ಅಂದರು. ಧ್ವನಿಯಲ್ಲೇ ಕಿರಿಕಿರಿ ಗೊತ್ತಾಗ್ತಿತ್ತು.

ಒಂದು ಅನುಮಾನ. ಅವರು ಹೇಳಿದ ಕಂಪನಿಯಲ್ಲೇ ತಗೋಬೇಕಾ? ಹೊರಗೆ ತಗೊಂಡರೆ ಕ್ಯಾಶ್‌ಲೆಸ್ (ರಿಪೇರಿ ಬಿಲ್ ಕಂಪನಿಯೇ ನೇರ ವರ್ಕ್‌ಶಾಪಿಗೆ ಕಟ್ಟೋದು) ಸಿಗಲ್ಲ ಅಂತ ಹೆದರಿಸಿದರು.

ಗ್ಯಾರೇಜ್‌ಗೆಳೆಯ | 8:10

ಅವರದ್ದೇ ತಗೋಬೇಕು ಅಂತ ಕಾನೂನು ಇಲ್ಲ. ವಿಮಾ ಕಂಪನಿಗಳ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2017ರಲ್ಲಿ ಡೀಲರ್‌ಗಳಿಗೆ ಅಂತಲೇ ಮಾರ್ಗಸೂಚಿ ತಂದಿದೆ, ಗಿರಾಕಿಯನ್ನು ಬಲವಂತ ಮಾಡೋ ಹಾಗಿಲ್ಲ. ಕ್ಯಾಶ್‌ಲೆಸ್ ವಿಷಯ ಹೀಗೆ: ಆ ವರ್ಕ್‌ಶಾಪಿಗೂ ನೀವು ಆರಿಸಿದ ಕಂಪನಿಗೂ ಟೈ-ಅಪ್ ಇದೆಯಾ ಅಂತ ಕಂಪನಿಯ ವೆಬ್‌ಸೈಟಿನಲ್ಲೇ ನೋಡಬಹುದು. ಇದ್ದರೆ ಎಲ್ಲಿ ತಗೊಂಡರೂ ಒಂದೇ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಡೀಲರ್ ಮೂಲಕ ಆದರೆ ವರ್ಕ್‌ಶಾಪ್‌ನಲ್ಲಿ ಓಡಾಟ ಕಮ್ಮಿ. ಅವರೇ ಫೈಲ್ ತಳ್ಳಿಕೊಂಡು ಹೋಗ್ತಾರೆ. ಆ ಸಲೀಸಿಗೆ ಎಷ್ಟು ಹೆಚ್ಚು ಕೊಡ್ತಿದ್ದೀರಿ ಅನ್ನೋದನ್ನ ನೀವೇ ಎರಡು ಕಡೆ ಕೊಟೇಶನ್ ತಗೊಂಡು ನೋಡಿ. ಹೋಲಿಸುವಾಗ ಐಡಿವಿ (ಇನ್ಶೂರ್ಡ್ ಡಿಕ್ಲೇರ್ಡ್ ವ್ಯಾಲ್ಯೂ) ಎರಡರಲ್ಲೂ ಒಂದೇ ಇರಬೇಕು. ಐಡಿವಿ ಇಳಿಸಿ ಪ್ರೀಮಿಯಂ ಕಮ್ಮಿ ತೋರಿಸೋದು ಹಳೇ ಆಟ.

ಬೈಕಿಂದಕಾರಿಗೆ | 8:14

ಬಾಯಿ ಮುಚ್ಚಿದ್ದೇನೆ ಅಂದಿದ್ದೆ, ಆದರೂ ಕೇಳ್ತೀನಿ. ಐಡಿವಿ ಅಂದರೆ ಕಾರಿನ ಬೆಲೆನೇ ಅಲ್ವಾ? ಹೊಸ ಕಾರು ಕಳುವಾದರೆ ಕೊಟ್ಟಷ್ಟೂ ವಾಪಸ್ ಬರುತ್ತೆ ಅಲ್ವಾ?

ಪಾಲಿಸಿಪುಟ | 8:37

ಬರಲ್ಲ. ಎಷ್ಟೋ ಜನ ಎಡವೋದು ಇಲ್ಲೇ.

ಐಡಿವಿ ಅಂದರೆ ಕಾರು ಪೂರ್ತಿ ಹೋದರೆ ಕಂಪನಿ ಕೊಡುವ ಗರಿಷ್ಠ ಮೊತ್ತ. ಕಂಪನಿ ಪಟ್ಟಿಮಾಡಿದ ಮಾರಾಟ ಬೆಲೆಯಿಂದ ಸವಕಳಿ ಕಳೆದು ಅದನ್ನು ಲೆಕ್ಕ ಹಾಕ್ತಾರೆ. ಮೊದಲ ಆರು ತಿಂಗಳಿಗೇ 5% ಹೋಗುತ್ತದೆ. ವರ್ಷ ತುಂಬುವ ಹೊತ್ತಿಗೆ 15%, ಎರಡು ವರ್ಷದವರೆಗೆ 20%, ಮೂರಕ್ಕೆ 30%, ನಾಲ್ಕಕ್ಕೆ 40%, ಐದಕ್ಕೆ 50%. ನೀವು ಕಟ್ಟಿದ ರೋಡ್ ಟ್ಯಾಕ್ಸ್, ರಿಜಿಸ್ಟ್ರೇಷನ್ ಖರ್ಚು, ವಿಮೆಯ ಪ್ರೀಮಿಯಂ ಯಾವುದೂ ಐಡಿವಿಯಲ್ಲಿ ಇರಲ್ಲ. ಹಾಗಾಗಿ ಮೊದಲ ತಿಂಗಳಲ್ಲೇ ಕಾರು ಕಳುವಾದರೂ ಕೊಟ್ಟ ಆನ್-ರೋಡ್ ಬೆಲೆಗೂ ಬರುವ ಮೊತ್ತಕ್ಕೂ ದೊಡ್ಡ ಅಂತರ ಇರುತ್ತದೆ.

ಅಪಘಾತದಲ್ಲೂ ಹೀಗೇ. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ "ಟೋಟಲ್ ಲಾಸ್" ಅಂತ ಮಾಡಿ ಲೆಕ್ಕ ಮುಗಿಸ್ತಾರೆ.

ಸಾಲ ತಗೊಂಡಿದ್ದರೆ ಮೊತ್ತ ಮೊದಲು ಬ್ಯಾಂಕಿಗೆ ಹೋಗುತ್ತದೆ, ಮಿಕ್ಕಿದ್ದು ನಿಮಗೆ. ಕಮ್ಮಿ ಬಿದ್ದರೆ? ಕಾರಿಲ್ಲದೆ ಕಂತು ಕಟ್ಟುತ್ತಾ ಕೂರಬೇಕು. ನಾನು ಅಂಥ ಫೈಲ್ ನೋಡಿದ್ದೇನೆ. ಆ ಮನುಷ್ಯ ಪ್ರತಿ ತಿಂಗಳು ಐದನೇ ತಾರೀಕು ಕಂತಿನ ಮೆಸೇಜ್ ಬಂದಾಗ ನಮ್ಮ ಆಫೀಸಿಗೆ ಫೋನ್ ಮಾಡುತ್ತಿದ್ದರು. ಜಗಳಕ್ಕಲ್ಲ. ಸುಮ್ನೆ, "ಏನಾದರೂ ಆಯಿತಾ ಸರ್?" ಅಂತ ಕೇಳೋಕೆ.

ಈ ಅಂತರ ತುಂಬೋಕೆ "ರಿಟರ್ನ್ ಟು ಇನ್‌ವಾಯ್ಸ್" ಅನ್ನೋ ಆ್ಯಡ್-ಆನ್ ಇದೆ, ಅಂದರೆ ಹೆಚ್ಚು ಪ್ರೀಮಿಯಂ ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವ ಕವರ್. ಕಳುವು ಅಥವಾ ಟೋಟಲ್ ಲಾಸ್ ಆದರೆ ಇನ್‌ವಾಯ್ಸ್ ಬೆಲೆ ಕೊಡುತ್ತದೆ. ಟ್ಯಾಕ್ಸ್, ರಿಜಿಸ್ಟ್ರೇಷನ್ ಸೇರುತ್ತಾ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ, ಆ ಸಾಲನ್ನು ಓದಿ. ಹೊಸ ಕಾರಿಗೆ, ಅದರಲ್ಲೂ ಸಾಲದ ಕಾರಿಗೆ, ನಾನು ಮೊದಲು ಸೇರಿಸೋದು ಇದನ್ನೇ.

ಗ್ಯಾರೇಜ್‌ಗೆಳೆಯ | 8:50

ನಾನು ಒಪ್ಪಲ್ಲ ಸರ್. ಟೋಟಲ್ ಲಾಸ್ ಅಪರೂಪ. ದಿನಾ ನಾನು ನೋಡೋದು ಬಂಪರ್, ಹೆಡ್‌ಲ್ಯಾಂಪ್, ಕನ್ನಡಿ. ಅದಕ್ಕೆ ಬೇಕಾಗಿರೋದು ಝೀರೋ ಡೆಪ್, ಅಂದರೆ ಬಿಡಿಭಾಗಗಳ ಸವಕಳಿ ಕಡಿತ ಮಾಡದ ಆ್ಯಡ್-ಆನ್.

ಯಾಕೆ ಅಂದರೆ, ಸಾದಾ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್, ಟೈರ್, ಬ್ಯಾಟರಿ, ಏರ್‌ಬ್ಯಾಗ್‌ಗೆಲ್ಲ 50% ಕಡಿತ. ಕಾರು ನಿನ್ನೆ ಬಂದದ್ದಾದರೂ ಅಷ್ಟೇ! ಫೈಬರ್‌ಗೆ 30%. ಗಾಜಿಗೆ ಕಡಿತ ಇಲ್ಲ. ಲೋಹದ ಭಾಗಕ್ಕೆ ಮೊದಲ ಆರು ತಿಂಗಳು ಏನೂ ಇಲ್ಲ, ಆಮೇಲೆ ವರ್ಷ ತುಂಬುವವರೆಗೆ 5%, ಎರಡನೇ ವರ್ಷ 10%, ಹಾಗೇ ಏರುತ್ತಾ ಹೋಗುತ್ತೆ. ಈಗಿನ ಕಾರಿನ ಮುಂಭಾಗದಲ್ಲಿ ಲೋಹ ಎಲ್ಲಿದೆ ಹೇಳಿ? ಬಂಪರ್ ಪ್ಲಾಸ್ಟಿಕ್, ಗ್ರಿಲ್ ಪ್ಲಾಸ್ಟಿಕ್, ದೀಪದ ಮನೆ ಪ್ಲಾಸ್ಟಿಕ್, ಅದರ ಹಿಂದಿನ ಬ್ರಾಕೆಟ್ಟೂ ಪ್ಲಾಸ್ಟಿಕ್. ಬಿಲ್ ಕೈಗೆ ಕೊಟ್ಟಾಗ ಗಿರಾಕಿ ಮುಖ ನೋಡೋಕಾಗಲ್ಲ. "ಫುಲ್ ಇನ್ಶೂರೆನ್ಸ್ ಅಂದಿದ್ದರಲ್ಲ" ಅಂತಾರೆ. ಫುಲ್ ಅನ್ನೋ ಪದ ಪಾಲಿಸಿಯಲ್ಲಿ ಎಲ್ಲೂ ಇಲ್ಲ, ಅದು ಮಾರೋರ ಬಾಯಲ್ಲಿರೋ ಪದ.

ಹಿಂದಿನಸೀಟು | 8:58

ಝೀರೋ ಡೆಪ್ ಇದ್ದರೂ ಕೈಯಿಂದ ಸ್ವಲ್ಪ ಹೋಗುತ್ತೆ ಅಂತ ಬರೆಯಿರಿ ಅಣ್ಣ. ನಮಗೆ ಎಲ್ಲ ಫ್ರೀ ಅಂದುಕೊಂಡು ಹೋಗಿ ಮುಜುಗರ ಆಯಿತು.

ಗ್ಯಾರೇಜ್‌ಗೆಳೆಯ | 9:05

ಹೌದು ಮೇಡಂ, ಹೇಳೋದು ಮರೆತೆ. ಕಂಪಲ್ಸರಿ ಡಿಡಕ್ಟಿಬಲ್ ಅಂತ ಪ್ರತಿ ಕ್ಲೇಮ್‌ಗೂ ಒಂದು ಸಣ್ಣ ಮೊತ್ತ ನೀವೇ ಕೊಡಬೇಕು, ಅದು ಎಂಜಿನ್ ಸಿಸಿ ಮೇಲೆ ನಿಂತಿದೆ. ಆಯಿಲ್, ಕೂಲೆಂಟ್, ನಟ್ಟು ಬೋಲ್ಟು, ಇವಕ್ಕೆ "ಕನ್ಸ್ಯೂಮಬಲ್ಸ್" ಅಂತ ಬೇರೆ ಆ್ಯಡ್-ಆನ್. ಝೀರೋ ಡೆಪ್‌ನಲ್ಲಿ ಎಷ್ಟೋ ಕಂಪನಿಗಳು ವರ್ಷಕ್ಕೆ ಇಷ್ಟೇ ಕ್ಲೇಮ್ ಅಂತ ಮಿತಿನೂ ಇಟ್ಟಿವೆ.

ಪಾಲಿಸಿಪುಟ | 9:12

ಹಾಗಾದರೆ ರಾಜಿ ಆಗೋಣ. ಹೊಸ ಕಾರಿಗೆ ಎರಡೂ ತಗೊಳ್ಳಲಿ. ಟೈರ್ ಕವರ್, ಕೀ ಕವರ್, ಒಳಗಿಟ್ಟ ವಸ್ತುಗಳ ಕವರ್ ಅಂತ ಹತ್ತು ತರಹ ಪಟ್ಟಿ ಕೊಡ್ತಾರೆ, ಅವನ್ನೆಲ್ಲ ನಾನಾದರೆ ಬಿಡ್ತೀನಿ.

ಗೀರು ಬಿದ್ದಿದ್ದಕ್ಕೆಲ್ಲ ಕ್ಲೇಮ್ ಮಾಡುವವರಿಗೂ ಒಂದು ಮಾತು. ಒಂದು ಕ್ಲೇಮ್ ಆದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಸೊನ್ನೆಗೆ ಬರುತ್ತದೆ. ಝೀರೋ ಡೆಪ್ ಇದ್ದರೂ ಹಾಗೇ. ಅದನ್ನು ಉಳಿಸುವುದಕ್ಕೂ ಬೇರೆ ಆ್ಯಡ್-ಆನ್ ಮಾರ್ತಾರೆ, ಅದು ಬೇರೆ ಕಥೆ.

ಮಳೆಹನಿ | 9:30

ನೀರು ಹೋಗಿ ಎಂಜಿನ್ ಹಾಳಾದರೆ ಬೇಕಾಗೋ ಎಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್ ಮಾತು ಯಾರೂ ಎತ್ತಲೇ ಇಲ್ಲವಲ್ಲ. ನಾನು ಹಣ ಕೊಟ್ಟು ಕಲಿತ ಪಾಠ ಅದು.

ಹೋದ ವರ್ಷ ಜೋರು ಮಳೆ. ರಸ್ತೆ ತಗ್ಗಿನಲ್ಲಿ ನೀರು ನಿಂತಿತ್ತು. ಮುಂದಿನ ಕಾರು ದಾಟಿತು, ನಾನೂ ಇಳಿಸಿದೆ. ನಡುವೆ ಎಂಜಿನ್ ಆಫ್ ಆಯಿತು. ಅಷ್ಟಕ್ಕೇ ಬಿಟ್ಟು ತಳ್ಳಿಸಿದ್ದರೆ ಬಚಾವಾಗುತ್ತಿದ್ದೆನೇನೋ. ಹಿಂದಿನವರು ಹಾರ್ನ್ ಹೊಡೆದರು ಅಂತ ಗಾಬರಿಯಾಗಿ ಮೂರು ಸಲ ಸೆಲ್ಫ್ ಹೊಡೆದೆ. ಮೂರನೇ ಸಲ ಒಳಗಿಂದ ಟಣ್ ಅಂತ ಒಂದು ಶಬ್ದ. ಆಮೇಲೆ ಏನೂ ಇಲ್ಲ.

ಸರ್ವೇಯರ್ ಮೊದಲು ಏರ್ ಫಿಲ್ಟರ್ ಡಬ್ಬ ಬಿಚ್ಚಿಸಿದರು. ಒಳಗಿನ ಕಾಗದ ಒದ್ದೆ ಮುದ್ದೆ, ತಳದಲ್ಲಿ ಕೆಸರಿನ ಗೆರೆ. ಸಿಲಿಂಡರ್‌ಗೆ ನೀರು ಹೋಗಿತ್ತು. ಗಾಳಿ ಒತ್ತಿದರೆ ಕುಗ್ಗುತ್ತೆ, ನೀರು ಕುಗ್ಗಲ್ಲ. ಪಿಸ್ಟನ್ ಮೇಲೆ ಬರೋಕೆ ಜಾಗ ಇಲ್ಲದೆ ಕನೆಕ್ಟಿಂಗ್ ರಾಡ್ ಬಾಗಿತ್ತು. ಸೀಟು, ಕಾರ್ಪೆಟ್ ಕ್ಲೀನ್ ಮಾಡಿಸಿದ್ದಕ್ಕೆ ಹಣ ಬಂತು. ಎಂಜಿನ್‌ಗೆ ಒಂದು ಕಾಸೂ ಬರಲಿಲ್ಲ. ಪ್ರವಾಹ ನಿಮ್ಮ ಪಾಲಿಸಿಯಲ್ಲಿದೆ, ಆದರೆ ಎಂಜಿನ್ ಹಾಳಾದದ್ದು ಆಮೇಲೆ ನೀವು ಸ್ಟಾರ್ಟ್ ಮಾಡಿದ್ದರಿಂದ, ಅಂದರು. ಕೋಪ ಬಂದಿದ್ದು ನಿಜ. ಆದರೆ ಪಾಲಿಸಿ ತೆಗೆದು ಓದಿದರೆ ಹಾಗೇ ಬರೆದಿತ್ತು.

ಪಾಲಿಸಿಪುಟ | 9:44

ಆ್ಯಡ್-ಆನ್ ಇದ್ದರೂ ನೀರಿನಲ್ಲಿ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರೆ ತಕರಾರು ಬರಬಹುದು. ನೀರಲ್ಲಿ ನಿಂತರೆ ಕೀ ಮುಟ್ಟಬೇಡಿ, ಟೋಯಿಂಗ್ ಕರೆಸಿ. ಮಳೆಹನಿ ಅವರು ಹೇಳಿದ್ದು ಸರಿ, ನನ್ನ ರಾಜಿ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ.

ತಡವಾಗಿಬಂದವ | 10:05

ಇದೆಲ್ಲ ಮೊದಲ ವರ್ಷದ ಕಥೆ. ನನ್ನದು ಎರಡನೇ ವರ್ಷದ್ದು.

ಶೋರೂಮ್‌ನಲ್ಲಿ "ಮೂರು ವರ್ಷದ ಇನ್ಶೂರೆನ್ಸ್ ಸರ್" ಅಂದಿದ್ದರು. ನಾನು ಮೂರು ವರ್ಷ ನಿಶ್ಚಿಂತೆ ಅಂದುಕೊಂಡೆ. ಹದಿನಾಲ್ಕನೇ ತಿಂಗಳು, ನಿಂತಿದ್ದ ಕಾರಿನ ಮೇಲೆ ಮರದ ಕೊಂಬೆ ಬಿತ್ತು. ರೂಫ್ ತೊಟ್ಟಿಲಿನ ಹಾಗೆ ತಗ್ಗಾಯಿತು. ಕ್ಲೇಮ್‌ಗೆ ಫೋನ್ ಮಾಡಿದರೆ, "ನಿಮ್ಮ ಓನ್ ಡ್ಯಾಮೇಜ್ ಮುಗಿದು ಎರಡು ತಿಂಗಳಾಯಿತು" ಅಂದರು. ಪಾಲಿಸಿ ತೆಗೆದು ನೋಡಿದೆ. ಎರಡು ಸಾಲು. ಥರ್ಡ್ ಪಾರ್ಟಿ ಮೂರು ವರ್ಷ. ಅದರ ಮೇಲಿನ ಸಾಲಿನಲ್ಲಿ ಓನ್ ಡ್ಯಾಮೇಜ್ ಒಂದೇ ವರ್ಷ. ನೆನಪಿಸುವ ಮೆಸೇಜ್ ಬಂದಿತ್ತು, ಬರೀ ಜಾಹೀರಾತು ಅಂತ ಅಳಿಸಿದ್ದೆ.

ಪಾಲಿಸಿಪುಟ | 10:18

ಇದು ಬಹಳ ಜನಕ್ಕೆ ಆಗಿದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ, ಹೊಸ ಬೈಕಿಗೆ ಐದು ವರ್ಷದ್ದು ಕಡ್ಡಾಯವಾಯಿತು, ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ನಿಮ್ಮ ಸ್ವಂತ ಕಾರಿನ ಹಾನಿಗೆ ಇರುವ ಓನ್ ಡ್ಯಾಮೇಜ್ ಭಾಗ ಒಂದು ವರ್ಷದ್ದು. ವರ್ಷ ವರ್ಷ ಅದನ್ನೊಂದೇ ರಿನ್ಯೂ ಮಾಡಬೇಕು, 2019ರ ಸೆಪ್ಟೆಂಬರ್‌ನಿಂದ ಅದು ಬಿಡಿ ಪಾಲಿಸಿಯಾಗಿಯೂ ಸಿಗುತ್ತದೆ. ಅವಧಿ ಮುಗಿದು 90 ದಿನ ದಾಟಿದರೆ ನೋ ಕ್ಲೇಮ್ ಬೋನಸ್ಸೂ ಹೋಯಿತು.

ಈಗ ಮೂಲ ಪ್ರಶ್ನೆಯ ಎರಡನೇ ಭಾಗಕ್ಕೆ ಬರ್ತೀನಿ. ಯಾರೂ ಉತ್ತರ ಕೊಟ್ಟಿಲ್ಲ.

ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ನಿಮ್ಮದು. ಪಾಲಿಸಿ ಗಾಡಿಗೆ, ಬೋನಸ್ ಮನುಷ್ಯನಿಗೆ, ನೆನಪಿಟ್ಟುಕೊಳ್ಳೋಕೆ ಇಷ್ಟು ಸಾಕು. ಹಾಗಾಗಿ ತಂಗಿಗೆ ಹೋಗಲ್ಲ. ಆದರೆ ಹಳೇ ಕಾರು ನಿಮ್ಮ ಹೆಸರಿನಲ್ಲೇ ಇರುವಾಗ ಎರಡು ಕಾರಿಗೂ ಅದೇ ಬೋನಸ್ ಹಾಕಿಸಿಕೊಳ್ಳುವ ಹಾಗಿಲ್ಲ. ಹಳೇದನ್ನು ತಂಗಿಯ ಹೆಸರಿಗೆ ಮಾಡಿ. ಫಾರ್ಮ್ 29, ಫಾರ್ಮ್ 30 ಸಲ್ಲಿಸಿ, ಅದರ ಪ್ರತಿ ಇಟ್ಟುಕೊಂಡು ಹಳೇ ವಿಮಾ ಕಂಪನಿಯಿಂದ ಬೋನಸ್ ಉಳಿಸಿಕೊಳ್ಳುವ ಪತ್ರ ತಗೊಳ್ಳಿ. ಆ ಪತ್ರ ಮೂರು ವರ್ಷ ನಡೆಯುತ್ತದೆ. ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 50% ಇಳಿಯುತ್ತದೆ, ಥರ್ಡ್ ಪಾರ್ಟಿ ಪ್ರೀಮಿಯಂ ಇಳಿಯಲ್ಲ.

ಪತ್ರ ಇಲ್ಲದೇ "ಬೋನಸ್ ಇದೆ ಅಂತ ಟಿಕ್ ಮಾಡಿ ಸರ್, ಯಾರು ನೋಡ್ತಾರೆ" ಅಂತ ಹೇಳುವವರು ಸಿಗ್ತಾರೆ. ಕ್ಲೇಮ್ ಬಂದ ದಿನ ನೋಡ್ತಾರೆ. ನಾನೇ ನೋಡ್ತಿದ್ದೆ.

ಎರಡನೇಗೇರ್ | 10:27

ತಂಗಿ ಅಲ್ವಾ ಸರ್, ಹೆಸರು ಬದಲಾಯಿಸೋದು ನಿಧಾನಕ್ಕೆ ಮಾಡೋಣ ಅಂದುಕೊಂಡಿದ್ದೆ. ಅವಳು ಓಡಿಸಿಕೊಂಡಿರ್ತಾಳೆ.

ಪಾಲಿಸಿಪುಟ | 10:41

ನಿಮ್ಮ ಕಾರು ಅವರು ಓಡಿಸೋದಕ್ಕೆ ತೊಂದರೆ ಇಲ್ಲ. ಕಾರು ಕೊಟ್ಟುಬಿಟ್ಟೆ ಅಂತ ನೀವು ಮರೆತು, ಪಾಲಿಸಿ ರಿನ್ಯೂ ಮಾಡದೆ ಬಿಟ್ಟರೆ ತೊಂದರೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರ ಕೊಡುವ ಹೊಣೆಯೂ ಅವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ.

ಹೆಸರು ಬದಲಾಯಿಸಿದರೆ 14 ದಿನದೊಳಗೆ ವಿಮಾ ಕಂಪನಿಗೂ ತಿಳಿಸಬೇಕು. ಥರ್ಡ್ ಪಾರ್ಟಿ ಭಾಗ ಕಾನೂನಿನ ಪ್ರಕಾರ ತಾನಾಗೇ ತಂಗಿಗೆ ಹೋಗುತ್ತದೆ, ಮೋಟಾರು ವಾಹನ ಕಾಯ್ದೆಯ 157ನೇ ಸೆಕ್ಷನ್. ಓನ್ ಡ್ಯಾಮೇಜ್ ಹಾಗೆ ಹೋಗಲ್ಲ. ಪಾಲಿಸಿಯಲ್ಲಿ ಅವರ ಹೆಸರು ಬರಲೇಬೇಕು. ಮಿಕ್ಕ ಐದು ತಿಂಗಳಿಗೆ ನಿಮ್ಮ 50% ಬೋನಸ್ಸಿನ ವ್ಯತ್ಯಾಸ ಅವರು ಕಟ್ಟಬೇಕಾಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಎಲ್ಲರಿಗೂ ಇದೇ ನಿಯಮ. ಎಷ್ಟೋ ಜನ "ಇನ್ಶೂರೆನ್ಸ್ ಚಾಲ್ತಿಯಲ್ಲಿದೆ" ಅಂತ ಕಾರು ಕೊಳ್ತಾರೆ. ಚಾಲ್ತಿಯಲ್ಲಿರುತ್ತೆ, ಯಾರ ಹೆಸರಲ್ಲಿ ಅಂತ ನೋಡಲ್ಲ.

ಹಿಂದಿನಸೀಟು | 10:50

ರಿಜಿಸ್ಟ್ರೇಷನ್ ನಂಬರ್ ಬಂದಿದೆಯಾ ಅಂತಲೂ ಕೇಳಿ ಸರ್. ತಾತ್ಕಾಲಿಕ ನಂಬರ್ ಕೊಟ್ಟರೆ ಅದರ ಕೊನೇ ದಿನ ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ಪಾಲಿಸಿಪುಟ | 10:58

ಒಳ್ಳೇ ಮಾತು. 2021ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣ ಒಂದಿದೆ. ಹೊಸ ಗಾಡಿ, ವಿಮೆ ಚಾಲ್ತಿಯಲ್ಲಿತ್ತು. ಬೇರೆ ಊರಿಗೆ ಹೋಗಿ ತಂಗಿದ್ದಾಗ ರಾತ್ರಿ ಹೊರಗೆ ನಿಲ್ಲಿಸಿದ್ದ ಗಾಡಿ ಕಳುವಾಯಿತು. ತಾತ್ಕಾಲಿಕ ರಿಜಿಸ್ಟ್ರೇಷನ್ ಕೆಲವೇ ದಿನಗಳ ಹಿಂದೆ ಮುಗಿದಿತ್ತು. ಕ್ಲೇಮ್ ಸಲ್ಲುವುದಿಲ್ಲ ಅಂತ ತೀರ್ಪು ಬಂತು. ಕಳುವಿಗೂ ರಿಜಿಸ್ಟ್ರೇಷನ್‌ಗೂ ಏನು ಸಂಬಂಧ ಅಂತ ನನಗೂ ಒಳಗೊಳಗೇ ಅನಿಸುತ್ತದೆ. ಆದರೆ ತೀರ್ಪು ತೀರ್ಪೇ.

ಎರಡನೇಗೇರ್ | ಮಾರನೇ ದಿನ, ರಾತ್ರಿ 8:15

ವರದಿ ಒಪ್ಪಿಸ್ತಿದ್ದೇನೆ.

ಹತ್ತಕ್ಕೆ ಹೋದೆ. ಕಾರಿಗೆ ರಿಬ್ಬನ್ ಕಟ್ಟಿ ನಿಲ್ಲಿಸಿದ್ದರು. ಪಾಲಿಸಿ ಬರಲಿ ಅಂತ ಸೋಫಾದಲ್ಲಿ ಕೂತೆ. ಮ್ಯಾನೇಜರ್ ಬಂದರು, "ಯಾರೂ ಹೀಗೆ ಕೇಳಲ್ಲ ಸರ್" ಅಂದರು. ನಾನು ನಿಮ್ಮೆಲ್ಲರ ಧೈರ್ಯದ ಮೇಲೆ ಕೂತೇ ಇದ್ದೆ. 11:40ಕ್ಕೆ ಪಿಡಿಎಫ್ ಬಂತು. ಫೋನ್ ಹಿಡಿದು ಬಾನೆಟ್ ಎತ್ತಿಸಿ ಹದಿನೇಳು ಅಕ್ಷರ ಜೋರಾಗಿ ಓದಿದೆ, ಆ ಹುಡುಗ ಪ್ಲೇಟ್ ನೋಡಿ ಹೂಂ ಹೂಂ ಅಂದ. ಸರಿ ಇತ್ತು. ಶುರುವಾಗುವ ಗಂಟೆನೂ ಸರಿ ಇತ್ತು. ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಸರಿ.

ಆದರೆ ವೇರಿಯಂಟ್ ತಪ್ಪು! ನಾನು ತಗೊಂಡದ್ದು ಆಟೊಮ್ಯಾಟಿಕ್, ಪಾಲಿಸಿಯಲ್ಲಿ ಮ್ಯಾನ್ಯುಯಲ್. ಅದಕ್ಕೆ ತಕ್ಕ ಹಾಗೆ ಐಡಿವಿ ಕಮ್ಮಿ. ತೋರಿಸಿದ ಮೇಲೆ ಮ್ಯಾನೇಜರ್ ಸುಮ್ಮನಾದರು. ತಿದ್ದಿ ಬರುವ ಹೊತ್ತಿಗೆ ಎರಡೂವರೆ. ಝೀರೋ ಡೆಪ್, ರಿಟರ್ನ್ ಟು ಇನ್‌ವಾಯ್ಸ್, ಎಂಜಿನ್ ಪ್ರೊಟೆಕ್ಟ್ ಮೂರೂ ಇದೆ. ಬೋನಸ್ ಪತ್ರ ಇಲ್ಲದ್ದರಿಂದ ಈಗ ಪೂರ್ತಿ ಪ್ರೀಮಿಯಂ ಕಟ್ಟಿದೆ, ಪತ್ರ ಮುಂದಿನ ರಿನ್ಯೂಗೆ ಬಳಸ್ತೀನಿ. ಒಂದು ವರ್ಷ ಆದ ಮೇಲೆ ಓನ್ ಡ್ಯಾಮೇಜ್ ಮುಗಿಯುವ ದಿನಕ್ಕೆ ಫೋನ್‌ನಲ್ಲಿ ಅಲಾರ್ಮ್ ಇಟ್ಟೆ. ತಂಗಿಯಿಂದ ಫಾರ್ಮ್‌ಗೆ ಸಹಿ ಹಾಕಿಸಿದ್ದೇನೆ, ಸಲ್ಲಿಸೋದು ಸೋಮವಾರ.

ಕೊನೇ ಪ್ರಶ್ನೆ. ಈಗ ಎರಡು ಕಾರೂ ಗೇಟಿನೊಳಗೆ ಒಂದರ ಹಿಂದೆ ಒಂದು ನಿಂತಿವೆ. ರಿವರ್ಸ್ ತೆಗೆಯುವಾಗ ಹಳೇ ಕಾರಿಗೆ ಹೊಸದು ತಾಗಿದರೆ ಅದು ಥರ್ಡ್ ಪಾರ್ಟಿ ಆಗುತ್ತಾ?

ಪಾಲಿಸಿಪುಟ | 8:32

ಆಗಲ್ಲ. ಸೋಮವಾರದ ಫಾರ್ಮ್ ಕೆಲಸ ಮುಗಿದು ಹೆಸರು ಬದಲಾಗೋವರೆಗೆ ಎರಡೂ ನಿಮ್ಮದೇ. ನಿಮ್ಮ ಆಸ್ತಿಗೆ ನೀವು ಮಾಡಿದ ಹಾನಿ ಥರ್ಡ್ ಪಾರ್ಟಿಯಲ್ಲಿ ಬರಲ್ಲ. ಎರಡು ಕಾರಿಗೆ ಎರಡು ಓನ್ ಡ್ಯಾಮೇಜ್ ಕ್ಲೇಮ್, ಎರಡು ಡಿಡಕ್ಟಿಬಲ್, ಮತ್ತೆ ಆ ಐದು ವರ್ಷದ ಬೋನಸ್ಸಿಗೂ ನಮಸ್ಕಾರ.

ಗ್ಯಾರೇಜ್‌ಗೆಳೆಯ | 8:35

ಹಳೇದನ್ನ ಈಗಲೇ ತಂಗಿ ಮನೆ ಮುಂದೆ ನಿಲ್ಲಿಸಿ ಬನ್ನಿ ಸರ್.